ಸಣಕಲು ಮರಿಗೆ ಮೊದಲು ಶಾಖ, ಆಮೇಲೆ ಹಾಲು

ನಮ್ಮ ಕಪ್ಪಿ ಈ ಮಳೆಗಾಲದಲ್ಲಿ ಅಟ್ಟದ ಮೇಲೆ ನಾಲ್ಕು ಮರಿ ಹಾಕಿತು. ಬೆಕ್ಕಿನ ಮರಿ ಹುಟ್ಟಿದಾಗ ಸಾಧಾರಣ 90ರಿಂದ 110 ಗ್ರಾಂ ತೂಗುತ್ತದೆ. ಮೂರು ಹಾಗೇ ಇದ್ದವು. ನಾಲ್ಕನೆಯದು 68 ಗ್ರಾಂ. ಉಳಿದವು ಮೊಲೆಗೆ ಮುತ್ತಿಕೊಂಡಿದ್ದರೆ ಇದು ಮೂಲೆಯಲ್ಲಿ ಬಿದ್ದಿತ್ತು.

"ತಾಯೇ ತಳ್ಳಿದ್ ಮೇಲೆ ಉಳಿಯದಿಲ್ಲ ಬಿಡೇ ತಂಗಿ" ಅಂದರು ದೊಡ್ಡಮ್ಮ. ಮೈ ತಣ್ಣಗಾದ ಮರಿಯನ್ನು ತಾಯಿ ತಳ್ಳುವುದುಂಟು, ಬೆಚ್ಚಗಾದರೆ ಮತ್ತೆ ಸೇರಿಸಿಕೊಳ್ಳುವುದೂ ಉಂಟು. ಮರಿಯ ಬಾಯಿಗೆ ಕಿರುಬೆರಳಿಟ್ಟು ನೋಡಿದೆ: ತಣ್ಣಗಿತ್ತು, ಚೀಪಲೂ ಇಲ್ಲ. ಇಂಥ ಹೊತ್ತಲ್ಲಿ ಹಾಲು ಹಾಕಲೇಬಾರದು. ಮೊದಲ ವಾರ ಮರಿಯ ಮೈಶಾಖ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ಕರುಳಿನ ಕೆಲಸವೇ ನಿಂತು, ಕುಡಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ.

ಮೊದಲು ನನ್ನ ಮೈಗೆ ಒತ್ತಿಟ್ಟುಕೊಂಡು, ಆಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದೆ. ಬಿಸಿನೀರಿನ ಬಾಟಲಿಗೆ ಹಳೇ ಹತ್ತಿ ಸೀರೆ ಸುತ್ತಿ ಒಂದೇ ಬದಿಗೆ ಇಟ್ಟೆ. ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲಿ ಅಂತ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟು ಇರುವುದಿಲ್ಲ, ಬಲ್ಬು ನಂಬುವ ಹಾಗಿಲ್ಲ. ಒಲೆಯ ಪಕ್ಕ ಇಡುವುದಂತೂ ಬೇಡ. ಗಂಟೆಗಟ್ಟಲೆ ಹಿಡಿದರೂ ಶಾಖ ನಿಧಾನವಾಗಿಯೇ ಏರಬೇಕು.

ಬೆರಳು ಚೀಪತೊಡಗಿದ ಕೂಡಲೇ ಕಪ್ಪಿಯ ಹಿಂದಿನ ಮೊಲೆಗೆ ಹಿಡಿದೆ, ಗಡವ ಮರಿಗಳನ್ನು ಅಷ್ಟು ಹೊತ್ತು ಬುಟ್ಟಿಗೆ ಹಾಕಿ. ಹುಟ್ಟಿದ ಮೊದಲ ದಿನದೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು, ರೋಗ ತಡೆಯುವ ಶಕ್ತಿ ಬರುವುದು ಅದರಿಂದ. ನಡುನಡುವೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ ಕೊಟ್ಟೆ. ನೀರು ಬೆರೆಸಿದ ದನದ ಹಾಲು ಸಾಕೆಂದು ದೊಡ್ಡಮ್ಮನ ವಾದ. ಬೆಕ್ಕಿನ ಹಾಲಿನ ಮುಂದೆ ದನದ ಹಾಲೇ ಸಪ್ಪೆ, ಪ್ರೋಟೀನ್ ಕಡಿಮೆ. ಅದಕ್ಕೆ ನೀರೂ ಸೇರಿಸಿದರೆ ಮರಿಗೆ ಸಿಗುವುದೇನು? ಭೇದಿಯಾಗುವುದೂ ಇದೆ.

ಒಳಲೆ ತಂದುಕೊಟ್ಟರು, ಅದನ್ನೂ ಬೇಡ ಎಂದೆ. ಮಗುವಿನಂತೆ ಅಂಗಾತ ಮಲಗಿಸಿ ಹಾಲು ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆ, ತಾಯಿಯ ಹತ್ತಿರ ಕುಡಿಯುವ ಭಂಗಿಯಲ್ಲೇ ಹಿಡಿದು, 1 ಮಿಲಿ ಸಿರಿಂಜಿನಲ್ಲಿ ಹನಿಹನಿಯಾಗಿ. 100 ಗ್ರಾಂ ಮರಿಯ ಹೊಟ್ಟೆ ಹಿಡಿಯುವುದು ಸುಮಾರು 4 ಮಿಲಿ. ನಾನು ಎರಡೂವರೆಗೆ ನಿಲ್ಲಿಸುತ್ತಿದ್ದೆ. ಕುಡಿಸಿದ ಮೇಲೆ ಕಪ್ಪಿ ನೆಕ್ಕದಿದ್ದರೆ ಬೆಚ್ಚನೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಸವರಬೇಕು. ಈ ವಯಸ್ಸಿನ ಮರಿಗೆ ಉಚ್ಚೆ ತಾನಾಗಿ ಬರುವುದಿಲ್ಲ.

ಅಂಗುಳ ಸೀಳಿದ್ದರೆ ಈ ಉಪಚಾರವೆಲ್ಲ ವ್ಯರ್ಥ ಎಂದು ಪಶುವೈದ್ಯರು ಬಾಯಿ ಬಿಡಿಸಿ ನೋಡಿದರು. ಸೀಳಿರಲಿಲ್ಲ. ಚಿಗಟ ಇದ್ದವು. ಇಷ್ಟು ಪುಟ್ಟ ಮರಿಗೆ ಅವು ರಕ್ತ ಹೀರಿಯೇ ಪ್ರಾಣ ತೆಗೆಯಬಲ್ಲವು, ಔಷಧದ ಪುಡಿಯೂ ವಿಷವಾಗಬಹುದು. ಹೇನಿನ ಬಾಚಣಿಗೆಯಲ್ಲಿ ಬಾಚಿ ತೆಗೆದೆ.

ಕೂಗುವ ಮರಿ ನೋಡಿ ಗಾಬರಿಯಾಗುತ್ತಾರೆ, ನನಗೆ ಸುಮ್ಮನಿರುವ ಮರಿಯದೇ ಭಯ. ಅದಕ್ಕೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ದಿನಕ್ಕೆ 10 ಗ್ರಾಂ ಏರಬೇಕು. ಏರದಿದ್ದರೆ ರಾತ್ರಿ ಇನ್ನೊಂದು ಸರ್ತಿ ಕುಡಿಸುವುದು, ಇಳಿದರೆ ನೇರ ಡಾಕ್ಟರ ಹತ್ತಿರ. ತಾಯಿಯ ಹಾಲಿನಲ್ಲೇ ಅಷ್ಟು ಏರತೊಡಗಿದ ಮೇಲೆ ಸಿರಿಂಜ್ ಬಿಟ್ಟೆ. ತೂಗುವುದನ್ನು ತಿಂಗಳು ತುಂಬುವವರೆಗೆ ಬಿಡಲಿಲ್ಲ.