ವಿಳಾಸ ಬರೆದುಕೊಟ್ಟರೆ ಸಾಲದು, ಜೊತೆಗೆ ನಡೆಯಬೇಕು

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವರು ಮಕ್ಕಳು, ಒಬ್ಬ ಅಜ್ಜಿ. ಅಪ್ಪ-ಅಮ್ಮ ದುಡಿಮೆಗೆಂದು ದೂರ ಹೋದವರು, ಬಂದಾಗ ಬಂದರು. ಹಿರಿಯವನಿಗೆ ಒಂಬತ್ತು ವರ್ಷ, ಶಾಲೆ ಬಿಟ್ಟು ವರ್ಷವಾಯಿತು. ನಡುವಿನವಳಿಗೆ ಐದು, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಕಿರಿಯದಕ್ಕೆ ಒಂದೂವರೆ, ಕೈಕಾಲು ಕಡ್ಡಿಯ ಹಾಗಿವೆ. ನಡೆದು ಹೋಗುವಷ್ಟು ದೂರದಲ್ಲೇ ಆರೋಗ್ಯ ಕೇಂದ್ರವಿದೆ, ಶಾಲೆಯಿದೆ, ಜನನ ನೋಂದಣಿ ಕಚೇರಿಯೂ ಇದೆ. ಎಲ್ಲೂ ಶುಲ್ಕವಿಲ್ಲ. ಆದರೂ ಈ ಮೂವರಲ್ಲಿ ಒಬ್ಬರಿಗೂ ಏನೂ ದಕ್ಕಿಲ್ಲ.

ಸೇವೆಯೇ ಇಲ್ಲದಿರುವುದು ಒಂದು ಕಷ್ಟ, ಇದ್ದೂ ತಲುಪದಿರುವುದು ಇನ್ನೊಂದು. ಮೊದಲನೆಯದಕ್ಕೆ ಸರ್ಕಾರ ಬೇಕು. ಎರಡನೆಯದಕ್ಕೆ ವಾರದಲ್ಲಿ ಎರಡು ಮೂರು ಗಂಟೆ ಬಿಡುವಿರುವ ಮನುಷ್ಯರೂ ಬೇಕು. ಸಂಘದ ಸದಸ್ಯರು, ನಿವೃತ್ತ ಶಿಕ್ಷಕರು, ಕಾಲೇಜು ಹುಡುಗರು, ಯಾರಾದರೂ ಆದೀತು. ಒಬ್ಬರು ಐದಾರು ಮನೆಗಿಂತ ಹೆಚ್ಚು ಹಿಡಿಯಬೇಡಿ. ಐವತ್ತು ಮನೆ ಹಿಡಿದವರ ಕೈಯಲ್ಲಿ ಕೊನೆಗೆ ಉಳಿಯುವುದು ಪಟ್ಟಿ ಮಾತ್ರ.

1. ಮೊದಲು ಕಚೇರಿಗಳ ಬಾಗಿಲು ನೀವೇ ತಟ್ಟಿ ನೋಡಿ

ಹೆಚ್ಚಿನವರು ಮನೆ ಭೇಟಿಯಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಹಿಂದುಮುಂದಾದ ಕ್ರಮ. ಅಜ್ಜಿ ಕಷ್ಟವನ್ನೆಲ್ಲ ಹೇಳಿಕೊಂಡ ಮೇಲೆ ನೀವು "ವಿಚಾರಿಸಿ ಹೇಳ್ತೀನಿ" ಎಂದರೆ, ಹಾಗೆ ಹೇಳಿ ಹೋದ ಹತ್ತು ಜನರ ಸಾಲಿಗೆ ನೀವು ಹನ್ನೊಂದನೆಯವರು.

ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಸೇವೆಗೆ ಒಂದು ಪುಟ ಮೀಸಲಿಡಿ. ಲಸಿಕೆ, ಅಪೌಷ್ಟಿಕತೆಯ ಚಿಕಿತ್ಸೆ, ಶಾಲಾ ದಾಖಲಾತಿ, ಜನನ ಪ್ರಮಾಣಪತ್ರ, ಅಂಗವೈಕಲ್ಯದ ತಪಾಸಣೆ, ಬಡ ಕುಟುಂಬದ ನಗದು ನೆರವು, ಮಕ್ಕಳ ರಕ್ಷಣೆ, ಇಷ್ಟಾದರೂ ಇರಲಿ. ಯಾವ ವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಕಾಗದ, ಅಸಲು ಬೇಕೋ ಜೆರಾಕ್ಸ್ ಸಾಕೋ, ಸಹಿ ಹಾಕುವವರು ರಜೆಯಲ್ಲಿದ್ದರೆ ಬದಲಿಗೆ ಯಾರು, ಇವನ್ನೆಲ್ಲ ಅಲ್ಲೇ ನಿಂತು ಕೇಳಿ ಬರೆದುಕೊಳ್ಳಿ. ಗೋಡೆಯ ಫಲಕ ಒಂದು ಹೇಳುತ್ತದೆ, ಮೇಜಿನ ಹಿಂದೆ ಕೂತವರು ಇನ್ನೊಂದು ಹೇಳುತ್ತಾರೆ. ಎರಡನ್ನೂ ಬರೆಯಿರಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಅಲ್ಲಿನ ಸಿಬ್ಬಂದಿಯಲ್ಲಿ ಒಬ್ಬರ ಪರಿಚಯ ಮಾಡಿಕೊಂಡು ಬನ್ನಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಈ ಪರಿಚಯ ಇರುವುದು ಪೂಜಾರಿಗಾಗಿ.

2. ಪಟ್ಟಿಯಲ್ಲಿ ಇಲ್ಲದ ಮನೆಗಳನ್ನು ಹುಡುಕಿ

ಬಡವರ ಪಟ್ಟಿ ಎಲ್ಲ ಕಡೆಯೂ ಇರುತ್ತದೆ. ಕಡುಕಷ್ಟದಲ್ಲಿರುವವರು ಹಲವು ಸಲ ಅದರಿಂದ ಹೊರಗೇ ಉಳಿದಿರುತ್ತಾರೆ, ಏಕೆಂದರೆ ಪಟ್ಟಿ ಸೇರುವುದಕ್ಕೂ ಒಂದು ಅರ್ಜಿ ಬೇಕು, ಒಂದು ವಿಳಾಸ ಬೇಕು. ಬ್ರೆಜಿಲ್ 2001ರಲ್ಲೇ ಬಡ ಕುಟುಂಬಗಳ ಏಕೀಕೃತ ನೋಂದಣಿ ಆರಂಭಿಸಿತ್ತು. ಆದರೂ ಹತ್ತು ವರ್ಷದ ಬಳಿಕ, 2011ರ ಕಡುಬಡತನ ನಿರ್ಮೂಲನ ಯೋಜನೆಯಲ್ಲಿ, 'ಸಕ್ರಿಯ ಹುಡುಕಾಟ' ಎಂಬ ಕೆಲಸವನ್ನು ಬೇರೆಯಾಗಿ ಸೇರಿಸಬೇಕಾಯಿತು. ಜನ ಕಚೇರಿಗೆ ಬರಲಿ ಎಂದು ಕಾಯದೆ ಸಿಬ್ಬಂದಿಯೇ ಹುಡುಕಿಕೊಂಡು ಹೋಗುವುದು ಅದರ ತಿರುಳು.

ನೀವು ನೋಡಬೇಕಾದ ಜಾಗಗಳು: ಕಟ್ಟಡ ಕೆಲಸದ ಶೆಡ್‌ಗಳು, ಆಗಾಗ ಮನೆ ಬದಲಿಸುವ ಬಾಡಿಗೆದಾರರು, ಅಜ್ಜ-ಅಜ್ಜಿಯರ ಬಳಿ ಬಿಟ್ಟ ಮಕ್ಕಳು, ಅಂಗವೈಕಲ್ಯವಿರುವ ಮಗುವನ್ನು ಹೊರಗೆ ಕರೆತರದ ಮನೆ, ಹದಿನೆಂಟು ತುಂಬದ ತಾಯಂದಿರು. ಶಾಲೆಯ ದಾಖಲೆಯನ್ನು ಲಸಿಕೆ ದಾಖಲೆಯ ಪಕ್ಕದಲ್ಲಿಟ್ಟು ನೋಡಲು ಅಲ್ಲಿನವರನ್ನೇ ಕೇಳಿಕೊಳ್ಳಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರು ಸಿಕ್ಕೇ ಸಿಗುತ್ತದೆ. ಎರಡರಲ್ಲೂ ಇಲ್ಲದ ಮಗುವನ್ನು ಹುಡುಕಿಕೊಡುವವರು ಬೀದಿಯಲ್ಲಿ ಆಡುವ ಮಕ್ಕಳು. "ನಿಮ್ಮ ಜೊತೆ ಆಡೋರಲ್ಲಿ ಸ್ಕೂಲಿಗೆ ಬಾರದೋರು ಯಾರಿದ್ದಾರೆ?" ಎಂದು ಕೇಳಿ ನೋಡಿ.

3. ಮೊದಲ ಭೇಟಿಗೆ ಫಾರಂ ಒಯ್ಯಬೇಡಿ

ಫಾರಂ ಕಂಡ ಕೂಡಲೇ ಜನ ಎರಡರಲ್ಲಿ ಒಂದು ಅಂದುಕೊಳ್ಳುತ್ತಾರೆ: ಏನೋ ಸಿಗಲಿದೆ, ಇಲ್ಲವೇ ಏನೋ ಕಿತ್ತುಕೊಳ್ಳಲಿದ್ದಾರೆ. ಎರಡೂ ನಿಮ್ಮ ಮಾತಿಗೆ ಅಡ್ಡ ಬರುತ್ತವೆ. ಕೆಲಸದಿಂದ ಬಂದು ಉಸಿರುಬಿಡುವ ಹೊತ್ತಿಗೆ ಹೋಗಿ. ನೀವು ಯಾರು, ಯಾಕೆ ಬಂದಿರಿ, ಏನು ಮಾಡಬಲ್ಲಿರಿ ಎಂದು ಹೇಳಿ. ಏನು ಮಾಡಲಾರಿರಿ ಎಂಬುದನ್ನಂತೂ ಬಿಡಿಸಿ ಹೇಳಿ. ಫೋಟೊ ತೆಗೆಯಬೇಡಿ. ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಮನೆಯ ಸುದ್ದಿ ಹಾಕುವುದಂತೂ ಬೇಡವೇ ಬೇಡ.

ಮಾತಿನ ನಡುವೆ ತಿಳಿದುಕೊಳ್ಳಬೇಕಾದದ್ದು ಸ್ವಲ್ಪವೇ: ಮಕ್ಕಳೆಷ್ಟು, ವಯಸ್ಸೆಷ್ಟು, ಹುಟ್ಟಿನ ದಾಖಲೆ ಮತ್ತು ಲಸಿಕೆ ಕಾರ್ಡು ಇವೆಯೇ, ಶಾಲೆಗೆ ಯಾರು ಹೋಗುತ್ತಾರೆ, ಹಗಲು ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಮನೆಯಲ್ಲಿ ಬಸುರಿ ಇದ್ದಾರೆಯೇ. ಕೊನೆಗೆ ಒಂದು ಪ್ರಶ್ನೆ: "ಅಜ್ಜೀ, ನಿಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಯಾವುದರದ್ದು?" ನೀವು ಕಿರಿಯ ಮಗುವಿನ ಕಡ್ಡಿ ಕೈ ನೋಡುತ್ತಿರುತ್ತೀರಿ, ಅಜ್ಜಿ ಹಿರಿಯವನು ಯಾರ ಜೊತೆ ಅಲೆಯುತ್ತಾನೋ ಎಂದು ಕೊರಗುತ್ತಿರುತ್ತಾರೆ. ಅವರ ಚಿಂತೆಯನ್ನೂ ಮೊದಲ ವಾರದ ಕೆಲಸದಲ್ಲಿ ಸೇರಿಸಿ. ನಿಮ್ಮ ಮಾತನ್ನು ಅವರು ಕೇಳುವುದು ಆಮೇಲೆ.

4. ಇವತ್ತಿನದು, ಈ ವಾರದ್ದು, ಈ ತಿಂಗಳದ್ದು

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಮನೆಗೆ ಬಂದು ಮೂರು ಕಾಲಂ ಮಾಡಿ.

ಇವತ್ತಿನ ಕಾಲಂನಲ್ಲಿ ಮೊದಲು ಬರುವುದು ಜೀವಕ್ಕೆ ಅಪಾಯ ತರುವಂಥವು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಆರೋಗ್ಯ ಕಾರ್ಯಕರ್ತರ ಬಳಿ ಇರುತ್ತದೆ. ಬಳಸುವುದನ್ನು ಅವರಿಂದಲೇ ಕಲಿಯಿರಿ, ಹತ್ತು ನಿಮಿಷದ ಕೆಲಸ. ಭುಜ ಮತ್ತು ಮೊಣಕೈಯ ನಟ್ಟನಡುವೆ, ಪಟ್ಟಿ ಚರ್ಮವನ್ನು ಅದುಮದಂತೆ ಸುತ್ತಿ ಅಳೆಯಬೇಕು. 115 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. 115ರಿಂದ 125ರ ನಡುವೆ ಇದ್ದರೆ ಮಧ್ಯಮ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ, ತೋಳಿನ ಅಳತೆ ಎಷ್ಟೇ ಇರಲಿ, ಅದೂ ತೀವ್ರವೇ. ಇಂಥ ಮಗುವನ್ನು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಮಗು ತಿನ್ನಲು ಒಲ್ಲದಿದ್ದರೆ, ಜೋಲುಬಿದ್ದಿದ್ದರೆ, ನೇರ ಆಸ್ಪತ್ರೆಗೆ.

ಹಿಂಸೆ, ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹದ ಸುಳಿವು ಸಿಕ್ಕರೂ ಅದು ಇವತ್ತಿನದೇ. ಇಲ್ಲಿ ಮಾತ್ರ ನಿಮ್ಮ ಕೆಲಸ ತೀರಾ ಚಿಕ್ಕದು. ಮಗು ಹೇಳಿದಷ್ಟನ್ನು ಅದರ ಮಾತಿನಲ್ಲೇ ಬರೆದುಕೊಂಡು, ಮಕ್ಕಳ ರಕ್ಷಣಾ ಅಧಿಕಾರಿಗೆ ತಿಳಿಸಿ, ಅಲ್ಲಿಗೆ ನಿಲ್ಲಿಸಿ. ಕೆದಕಿ ಕೇಳಬೇಡಿ. ಆರೋಪ ಹೊತ್ತವರ ಹತ್ತಿರ ನೀವಾಗಿಯೇ ಹೋಗಿ ವಿಚಾರಿಸಬೇಡಿ, ಅದರ ಏಟು ಮಗುವಿಗೇ ಬೀಳುತ್ತದೆ.

ಲಸಿಕೆ, ಶಾಲೆ, ನಡುವಿನವಳ ಕಿವಿಯ ತಪಾಸಣೆ ಈ ವಾರದ್ದು. ಮಾತು ತಡವಾದ ಮಗುವಿಗೆ ಮೊದಲು ನೋಡಬೇಕಾದದ್ದು ಕಿವಿ ಕೇಳಿಸುತ್ತದೆಯೇ ಎಂಬುದನ್ನು. ಕಾಗದಪತ್ರ, ನಗದು ನೆರವಿನ ಅರ್ಜಿ ಈ ತಿಂಗಳದ್ದು.

5. ಕಾಗದಗಳ ಗಂಟು ಬಿಡಿಸಿ

ಕಾಗದಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡಿರುತ್ತವೆ. ಹಲವು ಕಡೆ ನೆರವಿಗೆ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ತಾಯಿಯ ಗುರುತಿನ ಚೀಟಿ ಬೇಕು, ತಾಯಿ ಊರಲ್ಲೇ ಇಲ್ಲ. ಎಳೆ ಹಿಡಿದು ಹೋದರೆ ಗಂಟು ಹೆಚ್ಚಾಗಿ ಹುಟ್ಟಿನ ದಾಖಲೆಯಲ್ಲೇ ಸಿಗುತ್ತದೆ. ಹುಟ್ಟಿದ ಕೂಡಲೇ ನೋಂದಣಿಯಾಗುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 7ನೇ ವಿಧಿಯಲ್ಲಿ ಹೇಳುತ್ತದೆ. ಹಾಗಿದ್ದೂ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಹುಟ್ಟು ಎಲ್ಲೂ ದಾಖಲಾಗಿಲ್ಲ ಎಂಬುದು ಯುನಿಸೆಫ್ 2024ರಲ್ಲಿ ಕೊಟ್ಟ ಅಂದಾಜು.

ತಡವಾದ ನೋಂದಣಿಗೆ ಹೆಚ್ಚಿನ ದಾಖಲೆ ಕೇಳುತ್ತಾರೆ. ಹೆರಿಗೆಯಾದ ಆಸ್ಪತ್ರೆಯ ಚೀಟಿ, ಲಸಿಕೆ ಕಾರ್ಡು, ಹೆರಿಗೆ ಮಾಡಿಸಿದವರ ಹೇಳಿಕೆ, ಏನು ಸಿಗುತ್ತದೋ ಅದನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಲು ಹೇಳಿ. ಹೆಸರಿನ ಅಕ್ಷರದ ಮೇಲೆ ಕಣ್ಣಿರಲಿ. ಒಂದು ಕಡೆ ದೀರ್ಘ, ಇನ್ನೊಂದು ಕಡೆ ಹ್ರಸ್ವ, ಮತ್ತೊಂದು ಕಡೆ ಅಪ್ಪನ ಹೆಸರು ಮುಂದೆ. ಈ ಒಂದಕ್ಷರದ ಜಗಳಕ್ಕೆ ಸವೆದ ಚಪ್ಪಲಿಗಳಿಗೆ ಲೆಕ್ಕವಿಲ್ಲ. ಮೊದಲ ಪ್ರಮಾಣಪತ್ರದಲ್ಲಿ ಹೆಸರು ಹೇಗೆ ಬರಬೇಕು ಎಂದು ಮನೆಯವರ ಜೊತೆ ಕೂತು ತೀರ್ಮಾನಿಸಿ. ಉಳಿದೆಲ್ಲ ಕಡೆ ಅದನ್ನೇ ನಕಲು ಮಾಡಿ.

ಆದರೆ ಕಾಗದ ಇಲ್ಲವೆಂದು ಚಿಕಿತ್ಸೆಯನ್ನೋ ಶಾಲೆಯನ್ನೋ ಮುಂದೂಡಬೇಡಿ. ಕಾಗದದ ಕೆಲಸ ಅದರ ಪಾಡಿಗೆ ನಡೆಯಲಿ.

6. ಚೀಟಿ ಬರೆಯಿರಿ, ಮೊದಲ ಸಲ ಜೊತೆಗೆ ಹೋಗಿ

ಕಳುಹಿಸುವ ಚೀಟಿ ಮೂರು ಪ್ರತಿಯಲ್ಲಿರಲಿ: ಒಂದು ಮನೆಯವರಿಗೆ, ಒಂದು ಕಚೇರಿಗೆ, ಒಂದು ನಿಮಗೆ. ಮಗುವಿನ ಹೆಸರು, ವಯಸ್ಸು, ಬೇಕಾದ ಸೇವೆ, ಕಳುಹಿಸಿದವರು, ದಿನಾಂಕ. ಕೆಳಗೆ ಹರಿದು ವಾಪಸ್ ಕೊಡುವಂಥ ತುಂಡಿನಲ್ಲಿ 'ಸೇವೆ ಕೊಡಲಾಗಿದೆ / ಇಲ್ಲ, ಕಾರಣ' ಎಂಬ ಸಾಲು. ಮನೆಯ ಗುಟ್ಟುಗಳನ್ನು ಅದರಲ್ಲಿ ಬರೆಯಬೇಡಿ, ಎಷ್ಟು ಕೈ ದಾಟುತ್ತದೋ ಗೊತ್ತಿಲ್ಲ.

ಚೀಟಿ ಕೊಟ್ಟು ಕಳಿಸಿದ ಅಜ್ಜಿ ಹೋಗದಿದ್ದರೆ ಉದಾಸೀನವೆಂದು ಎಣಿಸಬೇಡಿ. ಒಂದು ದಿನ ಕಚೇರಿಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಕಚೇರಿ ದೂರವಿದ್ದರೆ ಬಸ್ ಚಾರ್ಜು ಬಂತು, ಉಳಿದಿಬ್ಬರನ್ನು ಯಾರ ಬಳಿ ಬಿಡುವುದು ಎಂಬ ಪ್ರಶ್ನೆ ಬಂತು. ಅಷ್ಟು ಕಳೆದುಕೊಂಡು ಹೋದರೆ "ನಾಳೆ ಬನ್ನಿ" ಎಂಬ ಉತ್ತರ. ಓದು ಬಾರದವರಿಗೆ ಕೌಂಟರಿನ ಮುಂದಿನ ಅಂಜಿಕೆ ಬೇರೆ. ಉಚಿತ ಸೇವೆಗೆ ಬಡವರು ತೆರುವ ಬೆಲೆ ಇದು. ಆದ್ದರಿಂದ ಎರಡು ಕೆಲಸವನ್ನು ಒಂದೇ ಓಡಾಟದಲ್ಲಿ ಮುಗಿಸುವಂತೆ ದಿನ ಹೊಂದಿಸಿ. "ನಾಳೆ ಒಂಬತ್ತಕ್ಕೆ ಬರ್ತೀನಿ, ಇಬ್ಬರೂ ಕೂಡಿ ಹೋಗೋಣ" ಎನ್ನಿ. ಹೋದಲ್ಲಿ ಮಾತನಾಡಬೇಕಾದವರು ಅಜ್ಜಿ, ನೀವು ಪಕ್ಕದಲ್ಲಿರಿ. ಎಲ್ಲವನ್ನೂ ನೀವೇ ಮಾತನಾಡಿದರೆ ಮುಂದಿನ ಸಲವೂ ನೀವೇ ಬೇಕಾಗುತ್ತದೆ.

ಓಡಾಟದ ಖರ್ಚನ್ನೂ ತುಂಬಿಕೊಡುವ ನಗದು ನೆರವು ಜೊತೆಗಿದ್ದರೆ ಕೆಲಸ ಹಗುರ. ಘಾನಾ 2008ರಲ್ಲಿ ಆರಂಭಿಸಿದ 'ಲೀಪ್' ಯೋಜನೆಯಲ್ಲಿ ಕಡುಬಡ ಕುಟುಂಬಗಳಿಗೆ ನಗದು ಕೊಡುವುದರ ಜೊತೆಗೆ ರಾಷ್ಟ್ರೀಯ ಆರೋಗ್ಯ ವಿಮೆಯ ಕಂತಿನಿಂದಲೂ ವಿನಾಯಿತಿ ಕೊಟ್ಟಿದ್ದು ಈ ಲೆಕ್ಕದಲ್ಲೇ.

7. ಮತ್ತೆ ಹೋಗಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಬಿಟ್ಟುಬಿಡುವುದು ಇದನ್ನೇ. ಶಾಲೆಗೆ ಹೆಸರು ಹಚ್ಚಿದ ದಿನ ಎಲ್ಲರೂ ಇರುತ್ತಾರೆ, ಮೂರನೇ ವಾರ ಹುಡುಗ ಬೆಂಚಿನ ಮೇಲಿದ್ದಾನೆಯೇ ಎಂದು ನೋಡುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2024ರ ಅಂದಾಜಿನಲ್ಲಿ, ಗಂಟಲುಮಾರಿ-ನಾಯಿಕೆಮ್ಮು-ಧನುರ್ವಾಯು ಲಸಿಕೆಯ ಮೊದಲ ಡೋಸ್ ಪಡೆದ ಶಿಶುಗಳು ಜಗತ್ತಿನಲ್ಲಿ ಶೇ 89, ಮೂರೂ ಮುಗಿಸಿದವರು ಶೇ 85. ಈ ನಡುವಿನ ಮಕ್ಕಳ ಮನೆಗೆ ಕೇಂದ್ರದ ದಾರಿ ಗೊತ್ತಿತ್ತು, ಒಮ್ಮೆ ಹೋಗಿಯೂ ಬಂದಿದ್ದರು.

ಚಿಲಿ ದೇಶ ಇದನ್ನು ಸರಿಯಾಗಿ ಹಿಡಿಯಿತು. 2002ರಲ್ಲಿ ಅಲ್ಲಿ ಶುರುವಾದ 'ಚಿಲೆ ಸೋಲಿದಾರಿಯೊ' ಯೋಜನೆಯಲ್ಲಿ ಪ್ರತಿ ಕಡುಬಡ ಕುಟುಂಬಕ್ಕೂ ಒಬ್ಬ ಸಹಾಯಕರನ್ನು 24 ತಿಂಗಳ ಕಾಲ ಗೊತ್ತುಮಾಡಿದರು. ಮೊದಮೊದಲು ಪದೇ ಪದೇ ಭೇಟಿ, ಬರಬರುತ್ತಾ ವಿರಳ. ಗುರುತಿನ ದಾಖಲೆ, ಆರೋಗ್ಯ, ಶಿಕ್ಷಣ, ಕುಟುಂಬದೊಳಗಿನ ಬಾಳು, ವಸತಿ, ದುಡಿಮೆ, ಆದಾಯ ಎಂಬ ಏಳು ವಿಭಾಗಗಳಲ್ಲಿ 53 ಕನಿಷ್ಠ ಸ್ಥಿತಿಗಳನ್ನು ಪಟ್ಟಿ ಮಾಡಿ, ಕುಟುಂಬ ಯಾವುದನ್ನು ಮುಟ್ಟಿದೆ, ಯಾವುದು ಬಾಕಿ ಎಂದು ಗುರುತು ಹಾಕುತ್ತಾ ಹೋಗುವ ಕ್ರಮ. ನಮಗೆ 53 ಬೇಡ, ಮಗುವಿಗೊಂದು ಹಾಳೆ, ಹಾಳೆಗೆ ಏಳೆಂಟು ಸಾಲು ಸಾಕು. 'ಕಳುಹಿಸಿದೆ' ಎಂಬ ಕಾಲಂಗೆ ಗುರುತು ಹಾಕಿ ಸಮಾಧಾನಪಡಬೇಡಿ, 'ಸಿಕ್ಕಿತು' ಎಂಬ ಇನ್ನೊಂದು ಕಾಲಂ ಇರಲಿ. ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗಿ ಬಂದರೆ ಆಯಿತು.

ಸೇವೆ ನಿರಾಕರಿಸಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ. ಒಬ್ಬರ ದೂರನ್ನು ಪಕ್ಕಕ್ಕೆ ಸರಿಸುವುದು ಸುಲಭ. ಒಂದೇ ಕಾರಣಕ್ಕೆ ವಾಪಸಾದ ಎಂಟು ಚೀಟಿಗಳನ್ನು ಒಟ್ಟಿಗೆ ಮೇಲಧಿಕಾರಿಯ ಮುಂದಿಟ್ಟರೆ ಅಷ್ಟು ಸುಲಭವಲ್ಲ. ಜಗಳಕ್ಕೆ ಹೋಗುವ ಅಗತ್ಯವಿಲ್ಲ. ಆ ಕೌಂಟರಿನಲ್ಲಿ ಮೂವರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುತ್ತಿರಬಹುದು. ಹಾಗಿದ್ದರೆ ನಿಮ್ಮ ಚೀಟಿಗಳು ಅವರಿಗೂ ಸಾಕ್ಷಿಯಾದಾವು.

ಹಾಳೆಯನ್ನು ಯಾವಾಗ ಮುಚ್ಚಬೇಕು? ಕಿರಿಯದರ ತೋಳಿನ ಅಳತೆ ಸತತ ಎರಡು ಭೇಟಿಯಲ್ಲಿ 125 ದಾಟಿದೆ, ಚಿಕಿತ್ಸೆ ಸಾಕೆಂದು ಆರೋಗ್ಯ ಕೇಂದ್ರದವರೂ ಹೇಳಿದ್ದಾರೆ, ಮುಂದಿನ ಲಸಿಕೆಗೆ ಅಜ್ಜಿ ನಿಮಗೆ ಫೋನ್ ಮಾಡದೆ ತಾವೇ ಹೋಗಿ ಬಂದಿದ್ದಾರೆ ಎಂದರೆ ಆ ಹಾಳೆಗೆ ದಿನಾಂಕ ಹಾಕಿ ಎತ್ತಿಡಿ. ನಡುವಿನವಳದ್ದು ಬೇಗ ಮುಗಿಯುವುದಲ್ಲ, ತಪಾಸಣೆಯ ಬಳಿಕವೇ ಅವಳ ನಿಜವಾದ ಓಡಾಟ ಶುರು. ಹಿರಿಯವನ ಹಾಳೆ ಒಂದು ಶಾಲಾ ವರ್ಷ ಪೂರ್ತಿ ತೆರೆದೇ ಇರಲಿ, ದೊಡ್ಡ ರಜೆ ಮುಗಿದ ಮೊದಲ ಸೋಮವಾರ ಅವನ ತರಗತಿಗೆ ತಪ್ಪದೆ ಒಂದು ಸುತ್ತು ಹೋಗಿ ಬನ್ನಿ.