ಬಾಗಿದ ಗೆರೆ

ಕಪ್ಪುಕುಳಿಯ ಎಂಟ್ರೊಪಿ (ಒಳಗಿನ ಸ್ಥಿತಿಯ ಬಗ್ಗೆ ನಮಗೆ ತಿಳಿಯದಿರುವುದರ ಅಳತೆ) ಅದರ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಷ್ಟು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದವನು ನಾನು. ಬೆಕೆನ್‌ಸ್ಟೈನ್ ಊಹಿಸಿದರು, ಪ್ಲಾಂಕ್ ಉದ್ದವೆಂಬ ಅತಿಸಣ್ಣ ಅಳತೆಗೋಲಿನಲ್ಲಿ ಅಳೆದ ವಿಸ್ತೀರ್ಣದ ಕಾಲುಭಾಗವೆಂದು ಹಾಕಿಂಗ್ ಗುಣಾಂಕ ಕೊಟ್ಟರು. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಕಳೆದ ಆಟಿಯಲ್ಲಿ ಬದಿಯಡ್ಕದ ಮನೆಯಲ್ಲಿ ಮಳೆಗೆ ಸಿಕ್ಕಿ ಕೂತಿದ್ದಾಗ, 1993ರಲ್ಲಿ ಭೌತವಿಜ್ಞಾನಿ ಮಾರ್ಕ್ ಸ್ರೆಡ್ನಿಕಿ ಹಾಕಿದ ಲೆಕ್ಕವನ್ನು ನಾನೂ ಹಾಕಿ ನೋಡೋಣವೆನಿಸಿತು.

ಅದರಲ್ಲಿ ಕಪ್ಪುಕುಳಿಯೇ ಇಲ್ಲ. ಬರಿಯ ನಿರ್ವಾತದಲ್ಲಿ ಒಂದು ಗೋಳವನ್ನು ಕಲ್ಪಿಸಿ, ಒಳಗಿನದ್ದನ್ನು ಮರೆತುಬಿಡುವುದು. ಜಾಗವನ್ನೆಲ್ಲ ತುಂಬಿರುವ ಕ್ವಾಂಟಮ್ ಕ್ಷೇತ್ರದಲ್ಲಿ ಗೋಳದೊಳಗಿನ ಭಾಗವೂ ಹೊರಗಿನ ಭಾಗವೂ ಹೆಣೆದುಕೊಂಡಿರುವುದರಿಂದ ಮರೆತದ್ದಕ್ಕೆ ಎಂಟ್ರೊಪಿಯ ದಂಡ ತೆರಬೇಕು. (ಇಂಗ್ಲಿಷಿನ ‘ಎಂಟ್ಯಾಂಗಲ್ಮೆಂಟ್’ ಅನ್ನು ‘ಸಿಕ್ಕು’ ಎನ್ನಲು ಮನಸ್ಸಾಗಲಿಲ್ಲ, ಸಿಕ್ಕನ್ನು ಬಿಡಿಸಬಹುದು, ಹೆಣಿಗೆ ಬಿಡಿಸಿದರೆ ಚಾಪೆಯೇ ಉಳಿಯುವುದಿಲ್ಲ.) ಒಳಗನ್ನು ಮರೆತರೂ ಹೊರಗನ್ನು ಮರೆತರೂ ದಂಡ ಒಂದೇ. ಎರಡು ತೋಟಕ್ಕೂ ಸಾಮಾನ್ಯವಾದದ್ದು ಬೇಲಿಯೊಂದೇ ತಾನೆ?

ತ್ರಿಜ್ಯವನ್ನು 60 ಬಿಂದುಗಳಾಗಿ ಕತ್ತರಿಸಿದೆ. ಬಿಂದುವಿಗೊಂದು ಆಂದೋಲಕ, ನೆರೆಯದ್ದಕ್ಕೆ ಸ್ಪ್ರಿಂಗಿನ ಕೊಂಡಿ. ಆ ಕೊಂಡಿಗಳನ್ನು ಬರೆದಿಟ್ಟ ಮಾತೃಕೆಯ (ಸಂಖ್ಯೆಗಳ ಚೌಕದ) ವರ್ಗಮೂಲ ತೆಗೆದು, ಒಳಭಾಗವನ್ನು ಕಳೆದು, ಉಳಿದುದರ ಐಗನ್ ಮೌಲ್ಯಗಳೆಂಬ ವಿಶಿಷ್ಟ ಸಂಖ್ಯೆಗಳಿಂದ ಎಂಟ್ರೊಪಿ ಪಡೆಯಬೇಕು. ಕೋನೀಯ ಸಂವೇಗದ (ಸುತ್ತುವಿಕೆಯ ಅಳತೆ) ಮಟ್ಟವನ್ನು ಹೇಳುವ ಪೂರ್ಣಾಂಕ ಎಲ್; ಅದರ ಪ್ರತಿಯೊಂದು ಮೌಲ್ಯಕ್ಕೂ ಹೀಗೆ ಮಾಡಿ ಕೂಡಿಸಬೇಕು.

ಮೊದಲ ರಾತ್ರಿ ಬಂದ ನಕ್ಷೆ (ಗ್ರಾಫ್) ಕಂಡು ಕೈ ಚೆಲ್ಲಿದೆ. ಎಂಟ್ರೊಪಿ ವಿಸ್ತೀರ್ಣಕ್ಕೆ ತಕ್ಕಷ್ಟಾದರೆ ತ್ರಿಜ್ಯದ ವರ್ಗಕ್ಕೆ ಎದುರಾಗಿ ನೇರ ನಿಲ್ಲಬೇಕಾದ ಗೆರೆ ಬಾಗಿಕೊಂಡಿತ್ತು. ಎಂಟ್ರೊಪಿ ಬರಿಯ ತ್ರಿಜ್ಯದಂತೆ ಏರುತ್ತಿತ್ತು. ನಡುನಡುವೆ ಕರೆಂಟೂ ಕೈಕೊಡುತ್ತಿತ್ತು. ಎರಡು ದಿನ ಮಾತೃಕೆಯನ್ನು ಬೈದೆ. ತಪ್ಪು ಅಲ್ಲಿರಲಿಲ್ಲ: ಪ್ರತಿ ಎಲ್‌ಗೂ 2ಎಲ್+1 ಪ್ರತಿಗಳಿವೆ, ನಾನು ಒಂದೊಂದನ್ನೇ ಎಣಿಸಿದ್ದೆ. ಮಕ್ಕಳು ಮಾಡಿದ್ದರೆ ಅಂಕ ಕಳೆಯುತ್ತಿದ್ದೆ. ಅದನ್ನು ಗುಣಿಸಿದೊಡನೆ ಚುಕ್ಕಿಗಳು, ಕೆಂಪುಕಲ್ಲು ಕಟ್ಟುವ ಮೇಸ್ತ್ರಿ ನೂಲು ಹಿಡಿದ ಹಾಗೆ, ಸಾಲಾಗಿ ನಿಂತವು. ದೊಡ್ಡ ಗೋಳಗಳವು ಮಾತ್ರ ತುಸು ಕೆಳಗೆ ಜಾರಿದ್ದವು, ಎಲ್ ಅನ್ನು 100ಕ್ಕೇ ನಿಲ್ಲಿಸಿದ್ದೆನಲ್ಲ. 1000ದ ತನಕ ಹೋದಾಗ ಅವೂ ಮೇಲೆದ್ದವು. ಇಳಿಜಾರು 0.30. ಸ್ರೆಡ್ನಿಕಿಗೆ ಸಿಕ್ಕಿದ್ದೂ ಅಷ್ಟೇ.

ಹಾಗೆಂದು ಕಪ್ಪುಕುಳಿಯ ಎಂಟ್ರೊಪಿ ಇದೇ ಎಂದುಬಿಡಲು ನನಗೆ ಧೈರ್ಯವಿಲ್ಲ. ಆ 0.30 ಬಿಂದುಗಳ ನಡುವಿನ ಅಂತರವನ್ನೇ ಅಳತೆಗೋಲಾಗಿಟ್ಟು ಬಂದದ್ದು. ಹಾಕಿಂಗರ ಕಾಲುಭಾಗ ಬರಬೇಕಾದರೆ ಅಂತರವನ್ನು ಪ್ಲಾಂಕ್ ಉದ್ದದ 0.31ರಷ್ಟಿಡಬೇಕು. ಇಡಬಹುದು, ಆದರೆ ಅದು ನಾನು ಇಟ್ಟದ್ದು, ತಾನಾಗಿ ಬಂದದ್ದಲ್ಲ. ಅಂಥದ್ದೇ ಇನ್ನೊಂದು ಕ್ಷೇತ್ರ ಸೇರಿಸಿದರೆ ಎಂಟ್ರೊಪಿ ಇಮ್ಮಡಿಯಾಗುತ್ತದೆ, ಕಾಲುಭಾಗವೋ ಕ್ಷೇತ್ರಗಳೆಷ್ಟೆಂದು ಕೇಳುವುದೇ ಇಲ್ಲ. ಗುರುತ್ವ ಸ್ಥಿರಾಂಕವೂ ಅವೇ ಕ್ಷೇತ್ರಗಳಿಂದ ಬದಲಾಗಿ ಲೆಕ್ಕ ಸರಿಹೋಗುತ್ತದೆಂದು 1994ರಲ್ಲಿ ಸಸ್ಕಿಂಡ್ ಮತ್ತು ಉಗ್ಲಮ್ ಎಂಬ ಭೌತವಿಜ್ಞಾನಿಗಳು ವಾದಿಸಿದರು. ಅದು ನನ್ನ ಲ್ಯಾಪ್‌ಟಾಪಿಗೆ ಮೀರಿದ್ದು.

ಈಗ ತರಗತಿಯಲ್ಲಿ ಎರಡೂ ನಕ್ಷೆಗಳನ್ನು ತೋರಿಸುತ್ತೇನೆ, ಬಾಗಿದ್ದನ್ನು ಮೊದಲು.