ಕಂಪನಿಯೊಂದರ ಮೇಲುಗೈ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ಎಚ್‌ಎಂಟಿ ಮತ್ತು ಟೈಟಾನ್ ಕಲಿಸುವ ಪಾಠ

ಯಾವುದೇ ಕಂಪನಿಯ ವಾರ್ಷಿಕ ವರದಿಯನ್ನು ತೆರೆದರೂ ಗುಣಮಟ್ಟ, ಗ್ರಾಹಕರ ವಿಶ್ವಾಸ, ನುರಿತ ಸಿಬ್ಬಂದಿ, ಆಧುನಿಕ ತಂತ್ರಜ್ಞಾನ ಎಂಬ ಮಾತುಗಳು ಮೊದಲ ಪುಟಗಳಲ್ಲೇ ಸಿಗುತ್ತವೆ. ಅದೇ ಕಂಪನಿಯ ಪ್ರತಿಸ್ಪರ್ಧಿಯ ವರದಿಯಲ್ಲೂ ಅವೇ ಮಾತುಗಳಿರುತ್ತವೆ. ಇಬ್ಬರಲ್ಲೂ ಸಮನಾಗಿ ಇರುವ ಗುಣ ಎಷ್ಟೇ ಒಳ್ಳೆಯದಾಗಿದ್ದರೂ ಅದು ಇಬ್ಬರಲ್ಲಿ ಯಾರಿಗೂ ಮೇಲುಗೈ ಕೊಡಲಾರದು. ಹಾಗಾದರೆ ಒಂದೇ ಮಾರುಕಟ್ಟೆಯಲ್ಲಿ, ಒಂದೇ ಬಗೆಯ ವಸ್ತುವನ್ನು ಮಾರುವ ಎರಡು ಸಂಸ್ಥೆಗಳಲ್ಲಿ ಒಂದು ದಶಕಗಟ್ಟಲೆ ಲಾಭ ಗಳಿಸುತ್ತ ಇನ್ನೊಂದು ಬಾಗಿಲು ಮುಚ್ಚುವುದು ಏಕೆ? ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ, ಷೇರು ಕೊಳ್ಳುವವರಿಗೆ, ಸ್ವಂತ ಉದ್ಯಮ ನಡೆಸುವವರಿಗೆ ಈ ಪ್ರಶ್ನೆಯನ್ನು ಕ್ರಮವಾಗಿ ಬಿಡಿಸಿಕೊಳ್ಳುವ ವಿಧಾನ ಗೊತ್ತಿರಬೇಕು. ಅದನ್ನು ಬೆಂಗಳೂರಿನ ಎಚ್‌ಎಂಟಿ ಮತ್ತು ಹೊಸೂರಿನ ಟೈಟಾನ್ ಗಡಿಯಾರಗಳ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ. ಎರಡೂ ಕಾರ್ಖಾನೆಗಳ ನಡುವೆ ಒಂದೆರಡು ತಾಸಿನ ದಾರಿಯಷ್ಟೇ ಇದ್ದುದರಿಂದ, ಸೋಲು ಗೆಲುವುಗಳಿಗೆ ದೇಶ, ಹವೆ, ಕೂಲಿಯ ದರಗಳನ್ನು ಕಾರಣವಾಗಿ ತೋರಿಸಲು ಇಲ್ಲಿ ಅವಕಾಶವಿಲ್ಲ.

ಮೊದಲ ಹಂತ: ಗ್ರಾಹಕರು ಕೊಳ್ಳುತ್ತಿರುವುದೇನು ಎಂದು ಬರೆದುಕೊಳ್ಳಿ

ಕೇಂದ್ರ ಸರ್ಕಾರದ ಒಡೆತನದ ಎಚ್‌ಎಂಟಿ (ಹಿಂದೂಸ್ತಾನ್ ಮಷೀನ್ ಟೂಲ್ಸ್) ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ವಿದೇಶಿ ವಾಚುಗಳ ಆಮದಿಗೆ ನಿರ್ಬಂಧವಿದ್ದು, ಕಳ್ಳಸಾಗಣೆಯ ಮಾಲು ಕದ್ದುಮುಚ್ಚಿ ಮಾರಾಟವಾಗುತ್ತಿದ್ದ ಆ ಕಾಲದಲ್ಲಿ, ಸಾಮಾನ್ಯ ಸಂಬಳದಾರರ ಕೈಗೆಟುಕುವ, ದುರಸ್ತಿಗೆ ಸುಲಭವಾದ, ವರ್ಷಾನುಗಟ್ಟಲೆ ಬಾಳಿಕೆ ಬರುವ ದೇಶಿ ಗಡಿಯಾರವೊಂದನ್ನು ಕೊಟ್ಟದ್ದು ದೊಡ್ಡ ಸಾಧನೆ. ಜನತಾ, ಪೈಲಟ್, ಕಾಂಚನ್ ಮಾದರಿಗಳು ಮನೆಮಾತಾದವು. ಪರೀಕ್ಷೆ ಪಾಸಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ, ನಿವೃತ್ತರಾಗುವ ಸಹೋದ್ಯೋಗಿಗೆ ಜನ ಎಚ್‌ಎಂಟಿಯನ್ನೇ ಕೊಡುತ್ತಿದ್ದರು.

ಆ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ಜನ ಅಂಗಡಿಗೆ ಹೋಗುತ್ತಿದ್ದುದು ಸಮಯ ತಿಳಿಯುವ ಯಂತ್ರಕ್ಕಾಗಿ ಮಾತ್ರವಲ್ಲ, ಗೌರವದಿಂದ ಕೊಡಬಹುದಾದ ಉಡುಗೊರೆಗಾಗಿಯೂ ಹೌದು. ಆದರೆ ತಯಾರಿಕೆಯೇ ಪ್ರಧಾನವಾಗಿದ್ದ ಸಂಸ್ಥೆಯೊಂದಕ್ಕೆ ಗಡಿಯಾರವು ಮೊದಲಿಗೆ ಒಂದು ಕರಾರುವಾಕ್ಕಾದ ಯಂತ್ರವಾಗಿಯೇ ಕಾಣುತ್ತದೆ. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಜೊತೆಗೂಡಿ 1984ರಲ್ಲಿ ಸ್ಥಾಪಿಸಿದ ಟೈಟಾನ್, ಉಡುಗೊರೆಯನ್ನೂ ಅಲಂಕಾರವನ್ನೂ ತನ್ನ ಸರಕಾಗಿ ಆರಿಸಿಕೊಂಡಿತು. ಈ ಆಯ್ಕೆಯಿಂದ ಪ್ರತಿಸ್ಪರ್ಧಿಗಳ ಪಟ್ಟಿಯೇ ಬದಲಾಗುತ್ತದೆ: ಉಡುಗೊರೆ ಮಾರುವವರಿಗೆ ಇನ್ನೊಂದು ವಾಚು ಮಾತ್ರವಲ್ಲ, ಪೆನ್ನು, ರೇಷ್ಮೆ ಸೀರೆ, ಬೆಳ್ಳಿ ಲೋಟಗಳೂ ಪ್ರತಿಸ್ಪರ್ಧಿಗಳೇ. ನೀವು ಅಧ್ಯಯನ ಮಾಡಲು ಹೊರಟಿರುವ ಕಂಪನಿಯ ಬಗೆಗೂ ಇದೇ ಪ್ರಶ್ನೆಯನ್ನು ಮೊದಲು ಕೇಳಿ, ಉತ್ತರವನ್ನು ಗ್ರಾಹಕರ ಕಡೆಯಿಂದ ಬರೆದುಕೊಳ್ಳಿ.

ಎರಡನೆಯ ಹಂತ: ಗೋಡೆಯ ಲಾಭವನ್ನು ಸ್ವಂತ ಬಲದಿಂದ ಬೇರ್ಪಡಿಸಿ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ ಅವರು 1979ರಲ್ಲಿ ಮುಂದಿಟ್ಟ ಚೌಕಟ್ಟಿನ ಪ್ರಕಾರ, ಯಾವುದೇ ಉದ್ಯಮದ ಲಾಭವನ್ನು ಐದು ಒತ್ತಡಗಳು ನಿರ್ಧರಿಸುತ್ತವೆ: ಹಾಲಿ ಸ್ಪರ್ಧಿಗಳ ಪೈಪೋಟಿ, ಹೊಸಬರು ಒಳಬರುವ ಸಾಧ್ಯತೆ, ಬದಲಿ ವಸ್ತುಗಳು, ಕೊಳ್ಳುವವರ ಚೌಕಾಸಿಯ ಬಲ ಮತ್ತು ಕಚ್ಚಾವಸ್ತು ಪೂರೈಸುವವರ ಚೌಕಾಸಿಯ ಬಲ. ಈ ಐದನ್ನೂ ಪಟ್ಟಿ ಮಾಡಿ ಮುಗಿಸುವುದು ಸುಲಭ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಆಗುವುದೂ ಬಹುಮಟ್ಟಿಗೆ ಅಷ್ಟೇ. ಈ ಚೌಕಟ್ಟಿನ ನಿಜವಾದ ಉಪಯೋಗ ಇರುವುದು, ಉದ್ಯಮದಲ್ಲಿರುವ ಎಲ್ಲರಿಗೂ ಸಿಗುತ್ತಿರುವ ಲಾಭ ಯಾವುದು, ಒಬ್ಬರಿಗೆ ಮಾತ್ರ ಸಿಗುತ್ತಿರುವ ಹೆಚ್ಚುವರಿ ಲಾಭ ಯಾವುದು ಎಂದು ವಿಂಗಡಿಸುವುದರಲ್ಲಿ.

ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಕಾರ್ಖಾನೆ ತೆರೆಯುವಂತಿರಲಿಲ್ಲ, ಹೊರಗಿನ ಮಾಲು ರಾಜಾರೋಷವಾಗಿ ಒಳಬರುವಂತಿರಲಿಲ್ಲ. ಆ ಎರಡು ಗೋಡೆಗಳ ನಡುವೆ ಎಚ್‌ಎಂಟಿಗೆ ದೊರೆತ ಮಾರಾಟದಲ್ಲಿ ಅದರ ಇಂಜಿನಿಯರುಗಳ ಶ್ರಮದ ಪಾಲು ಎಷ್ಟು, ಗೋಡೆಗಳ ಪಾಲು ಎಷ್ಟು ಎಂದು ಆಗ ಹೇಳುವುದು ಕಷ್ಟವಾಗಿತ್ತು. ಆದ್ದರಿಂದ ಯಾವ ಕಂಪನಿಯನ್ನು ಪರಿಶೀಲಿಸುವಾಗಲೂ ಒಂದು ಕಲ್ಪನಾ ಪ್ರಯೋಗ ಮಾಡಬೇಕು: ಸುಂಕ, ಪರವಾನಗಿ, ಸಬ್ಸಿಡಿ, ಸರ್ಕಾರಿ ಖರೀದಿಗಳು ನಾಳೆಯೇ ನಿಂತರೆ ಈ ಸಂಸ್ಥೆಯಲ್ಲಿ ಉಳಿಯುವುದೇನು? ಉಳಿಯುವಷ್ಟು ಮಾತ್ರ ಅದರ ಸ್ವಂತ ಬಲ.

ಮೂರನೆಯ ಹಂತ: ಅಂತರವನ್ನು ಅಳೆಯಿರಿ

ಮೇಲುಗೈ ಎಂಬುದು ಲೆಕ್ಕದಲ್ಲಿ ಕಾಣಬೇಕು. ಒಂದು ವಸ್ತುವಿಗೆ ಗ್ರಾಹಕರು ಗರಿಷ್ಠ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದಕ್ಕೂ ಅದನ್ನು ಅವರ ಕೈಗೆ ತಲುಪಿಸಲು ತಗಲುವ ಒಟ್ಟು ವೆಚ್ಚಕ್ಕೂ ಇರುವ ಅಂತರವನ್ನು ನೋಡಬೇಕು. ಪ್ರತಿಸ್ಪರ್ಧಿಗಿಂತ ಈ ಅಂತರ ಹೆಚ್ಚಿದ್ದರೆ ಮಾತ್ರ ಮೇಲುಗೈ ಇದೆ. ತಿಳಿಯುವ ಸಲುವಾಗಿ ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ: ಒಂದು ಕಂಪನಿಯ ವಾಚಿಗೆ ಜನ 1,000 ರೂಪಾಯಿ ಕೊಡಲು ಸಿದ್ಧರಿದ್ದು ವೆಚ್ಚ 700 ಆದರೆ ಅಂತರ 300, ಇನ್ನೊಂದರ ವಾಚಿಗೆ 800 ಕೊಡಲು ಸಿದ್ಧರಿದ್ದು ವೆಚ್ಚ 400 ಆದರೆ ಅಂತರ 400. ಹೆಚ್ಚು ಬೆಲೆ ಬಾಳುವ ವಾಚು ಮೊದಲನೆಯದಾದರೂ ಮೇಲುಗೈ ಇರುವುದು ಎರಡನೆಯ ಕಂಪನಿಗೆ. ಮೊದಲನೆಯ ಕಂಪನಿ ತನ್ನ ಬೆಲೆಯನ್ನು 700ಕ್ಕಿಂತ ಕೆಳಗಿಳಿಸಿದರೆ ನಷ್ಟವಾಗುತ್ತದೆ, ಎರಡನೆಯದಕ್ಕೆ 400ರವರೆಗೂ ಅವಕಾಶವಿದೆ. ಕಡಿಮೆ ವೆಚ್ಚದ ದಾರಿ, ಭಿನ್ನತೆಯ ದಾರಿ, ಒಂದು ಸಣ್ಣ ಗ್ರಾಹಕವರ್ಗಕ್ಕೇ ಗಮನ ಕೊಡುವ ದಾರಿ ಎಂದು ಪಠ್ಯಪುಸ್ತಕಗಳು ಹೇಳುವ ಮೂರೂ ಬಗೆಗಳು ಈ ಅಂತರವನ್ನು ಹಿಗ್ಗಿಸುವ ಬೇರೆ ಬೇರೆ ಮಾರ್ಗಗಳೇ ಆಗಿವೆ.

ನಿಜವಾದ ಕಂಪನಿಯಲ್ಲಿ ಇದನ್ನು ಅಳೆಯಲು, ಹೂಡಿದ ಬಂಡವಾಳದ ಮೇಲೆ ಸಿಕ್ಕಿದ ಪ್ರತಿಫಲವನ್ನು ಕನಿಷ್ಠ ಐದಾರು ವರ್ಷಗಳ ಕಾಲ, ಅದೇ ಉದ್ಯಮದ ಇತರ ಕಂಪನಿಗಳ ಜೊತೆಗಿಟ್ಟು ನೋಡಬೇಕು. ಒಂದು ವರ್ಷದ ಅಂಕಿಯನ್ನು ನಂಬಬಾರದು. ಹಲವು ವ್ಯವಹಾರಗಳಿರುವ ಕಂಪನಿಯಲ್ಲಿ ವಾರ್ಷಿಕ ವರದಿಯ ಕೊನೆಯ ಭಾಗದಲ್ಲಿರುವ ವಿಭಾಗವಾರು ಲೆಕ್ಕವನ್ನೇ ಓದಬೇಕು. ಇಂದು ಟೈಟಾನಿನ ವಹಿವಾಟಿನ ಬಹುಪಾಲು ಆಭರಣಗಳಿಂದ ಬರುತ್ತದೆ. ಚಿನ್ನದ ಬೆಲೆಯೇ ವಹಿವಾಟಿನ ಮೊತ್ತವನ್ನು ಉಬ್ಬಿಸುವುದರಿಂದ ಅಲ್ಲಿನ ಶೇಕಡಾವಾರು ಲಾಭವನ್ನು ಗಡಿಯಾರ ವಿಭಾಗದ ಶೇಕಡಾವಾರು ಲಾಭದ ಜೊತೆ ನೇರವಾಗಿ ಹೋಲಿಸಲಾಗದು. ಎರಡನ್ನೂ ಬೆರೆಸಿದ ಸರಾಸರಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ನಾಲ್ಕನೆಯ ಹಂತ: ಕೆಲಸಗಳನ್ನು ಒಂದೊಂದಾಗಿ ಬಿಡಿಸಿ, ನಂಟುಗಳನ್ನು ಹುಡುಕಿ

ಟೈಟಾನ್ ಗೆದ್ದದ್ದು ಕ್ವಾರ್ಟ್ಜ್ ತಂತ್ರಜ್ಞಾನದಿಂದ ಎಂಬ ಮಾತನ್ನು ಬಹಳ ಕಡೆ ಕೇಳುತ್ತೇವೆ. ಅದು ಅರ್ಧ ಸತ್ಯ. ಹರಳಿನ ಕಂಪನದಿಂದ ಸಮಯ ಅಳೆಯುವ ಕ್ವಾರ್ಟ್ಜ್ ವಾಚನ್ನು ಜಪಾನಿನ ಸೀಕೋ 1969ರಲ್ಲೇ ಮಾರುಕಟ್ಟೆಗೆ ತಂದಿತ್ತು. ನಮ್ಮಲ್ಲಿ ಎಚ್‌ಎಂಟಿಯೂ ಕ್ವಾರ್ಟ್ಜ್ ವಾಚುಗಳನ್ನು ತಯಾರಿಸಿತ್ತು, ಸೀಕೋ ಜೊತೆ ಸಹಯೋಗವಿದ್ದ ಹೈದರಾಬಾದಿನ ಆಲ್ವಿನ್ ಕೂಡ ಕಣದಲ್ಲಿತ್ತು. ಹಣ ಕೊಟ್ಟರೆ ಎಲ್ಲರಿಗೂ ಸಿಗುವ ತಂತ್ರಜ್ಞಾನದಿಂದ ಒಬ್ಬರಿಗೆ ಮಾತ್ರ ಗೆಲುವು ಸಿಗಲು ಸಾಧ್ಯವಿಲ್ಲ.

ಆದ್ದರಿಂದ ಒಂದು ಹಾಳೆಯಲ್ಲಿ ವಿನ್ಯಾಸ, ತಯಾರಿಕೆ, ಪ್ರಚಾರ, ಮಾರಾಟ, ದುರಸ್ತಿ ಎಂದು ಕಂಪನಿಯ ಕೆಲಸಗಳನ್ನು ಬರೆದು, ಪ್ರತಿಯೊಂದರ ಎದುರು ಎರಡೂ ಕಂಪನಿಗಳು ಏನು ಮಾಡಿದವು ಎಂದು ತುಂಬಬೇಕು. ಟೈಟಾನ್ 1987ರಲ್ಲಿ ಮಾರುಕಟ್ಟೆಗೆ ಬಂದಾಗ ಕ್ವಾರ್ಟ್ಜನ್ನೇ ತನ್ನ ಮುಖ್ಯ ಸರಕಾಗಿ ಆರಿಸಿಕೊಂಡಿತ್ತು. ಕೀ ಕೊಡುವ ಅಗತ್ಯವಿಲ್ಲದ, ಯಂತ್ರಭಾಗ ಸರಳವಾಗಿರುವ ವಾಚಿನ ಹೊರಕವಚ ಮತ್ತು ಮುಖಫಲಕಗಳಿಗೆ ನಾನಾ ರೂಪ ಕೊಡುವುದು ಸುಲಭ. ಆದ್ದರಿಂದ ಮಾದರಿಗಳ ಸಂಖ್ಯೆ ಬೆಳೆಯಿತು. ಮಾದರಿಗಳು ಹೆಚ್ಚಾದಾಗ ಅವನ್ನು ಗಡಿಯಾರದಂಗಡಿಯ ಕಿರಿದಾದ ಗಾಜಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕಾಗಿ ಬೆಳಕು, ಜಾಗ, ವಿವರಿಸುವ ಸಿಬ್ಬಂದಿ ಇರುವ ಟೈಟಾನಿನದೇ ಷೋರೂಂಗಳು ಬಂದವು. ಷೋರೂಂನಲ್ಲಿ ನಿಂತು ಆರಿಸುವ ಅನುಭವದಿಂದ ವಾಚು ಉಡುಗೊರೆಯ ದರ್ಜೆಗೆ ಏರಿತು. ಮೊಟ್ಸಾರ್ಟನ 25ನೆಯ ಸಿಂಫನಿಯ ತುಣುಕನ್ನು ಬಳಸಿದ ಟಿ.ವಿ. ಜಾಹೀರಾತುಗಳು ಅದೇ ಉಡುಗೊರೆಯ ಭಾವವನ್ನು ಮನೆಮನೆಗೆ ಮುಟ್ಟಿಸಿದವು. ಉಡುಗೊರೆ ಎಂದಾಗ ಜನ ಸ್ವಲ್ಪ ಹೆಚ್ಚು ಬೆಲೆಗೆ ಒಪ್ಪುತ್ತಾರೆ. ಆ ಹೆಚ್ಚಿನ ಬೆಲೆಯಿಂದಲೇ ಷೋರೂಂ ಮತ್ತು ಜಾಹೀರಾತಿನ ಖರ್ಚು ಗಿಟ್ಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಪ್ರತಿ ಕೆಲಸವೂ ಇನ್ನೊಂದನ್ನು ಬಲಪಡಿಸುವ ರೀತಿ. ಪ್ರತಿಸ್ಪರ್ಧಿ ಷೋರೂಂ ಒಂದನ್ನು ಮಾತ್ರ ನಕಲು ಮಾಡಿದರೆ ಅಲ್ಲಿಡಲು ಸಾಕಷ್ಟು ಮಾದರಿಗಳಿರುವುದಿಲ್ಲ. ಮಾದರಿಗಳನ್ನು ಮಾತ್ರ ನಕಲು ಮಾಡಿದರೆ ತೋರಿಸಲು ಜಾಗವಿರುವುದಿಲ್ಲ. ಜಾಹೀರಾತನ್ನು ಮಾತ್ರ ನಕಲು ಮಾಡಿದರೆ ಖರ್ಚನ್ನು ಹೊರುವ ಬೆಲೆ ಸಿಗುವುದಿಲ್ಲ. ನಿಮ್ಮ ಹಾಳೆಯ ಮೇಲೆ ಪರಸ್ಪರ ಸಂಬಂಧವಿರುವ ಕೆಲಸಗಳ ನಡುವೆ ಗೆರೆ ಎಳೆಯಿರಿ. ಗೆರೆಗಳು ದಟ್ಟವಾಗಿರುವಲ್ಲಿ ಮೇಲುಗೈ ಇದೆ. ಬಿಡಿಬಿಡಿಯಾಗಿ ಉಳಿದ ಒಳ್ಳೆಯ ಕೆಲಸಗಳನ್ನು ಯಾರು ಬೇಕಾದರೂ ಕಲಿಯಬಹುದು.

ಐದನೆಯ ಹಂತ: ಕಂಪನಿ ಏನನ್ನು ಬಿಟ್ಟುಕೊಟ್ಟಿದೆ ಎಂದು ಕೇಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ ಎಂದು ನಾನು ನಂಬಿದ್ದೇನೆ. ಎಲ್ಲವನ್ನೂ ಎಲ್ಲರಿಗೂ ಕೊಡುತ್ತೇವೆ ಎನ್ನುವ ಸಂಸ್ಥೆಗೆ ಗುರಿಗಳಿರಬಹುದು, ಕಾರ್ಯತಂತ್ರ ಇರುವುದಿಲ್ಲ. ದೇಶದ ಬಹುತೇಕ ಗ್ರಾಹಕರು ಕೀ ಕೊಡುವ ವಾಚನ್ನೇ ಕಟ್ಟುತ್ತಿದ್ದಾಗ ಕ್ವಾರ್ಟ್ಜನ್ನೇ ನೆಚ್ಚಿಕೊಂಡ ಟೈಟಾನ್, ಅಂದಿನ ದೊಡ್ಡ ಮಾರುಕಟ್ಟೆಯನ್ನು ತಿಳಿದೂ ಬದಿಗಿಟ್ಟಿತು. ಸಂಸ್ಥೆಯನ್ನು ಆರಂಭದಿಂದಲೂ ಮುನ್ನಡೆಸಿದ ಜರ್ಕ್ಸೀಸ್ ದೇಸಾಯಿ ಅವರ ಧೈರ್ಯವನ್ನು ಈ ಆಯ್ಕೆಯಲ್ಲಿ ಕಾಣಬಹುದು.

ಎಚ್‌ಎಂಟಿ ಅದೇ ದಾರಿಯನ್ನು ಏಕೆ ಹಿಡಿಯಲಿಲ್ಲ ಎಂಬುದನ್ನು ಸಹಾನುಭೂತಿಯಿಂದ ನೋಡಬೇಕು. ಕೀ ಕೊಡುವ ವಾಚಿನಲ್ಲಿ ನೂರಕ್ಕೂ ಹೆಚ್ಚು ಸೂಕ್ಷ್ಮ ಬಿಡಿಭಾಗಗಳಿರುತ್ತವೆ. ಅವನ್ನು ತಯಾರಿಸುವ ಯಂತ್ರಗಳು, ಅವನ್ನು ಜೋಡಿಸಬಲ್ಲ ಸಾವಿರಾರು ಕುಶಲಕರ್ಮಿಗಳು, ಬೆಂಗಳೂರು, ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿನ ಕಾರ್ಖಾನೆಗಳು ಎಚ್‌ಎಂಟಿಯ ಹೆಮ್ಮೆಯಾಗಿದ್ದವು. ಪೂರ್ತಿಯಾಗಿ ಕ್ವಾರ್ಟ್ಜ್‌ಗೆ ಹೊರಳುವುದೆಂದರೆ ಆ ಕೌಶಲದ ಬಹುಭಾಗವನ್ನು ಕೈಬಿಡುವುದು ಎಂದೇ ಅರ್ಥ. ಉದ್ಯೋಗ ಒದಗಿಸುವ ಹೊಣೆಯೂ ಇದ್ದ, ದೊಡ್ಡ ತೀರ್ಮಾನಗಳಿಗೆ ಸರ್ಕಾರದ ಒಪ್ಪಿಗೆ ಬೇಕಿದ್ದ ಸಾರ್ವಜನಿಕ ಸಂಸ್ಥೆಗೆ ಅದು ಸುಲಭವಾಗಿರಲಿಲ್ಲ. ಒಂದು ಕಾಲದಲ್ಲಿ ಅದನ್ನು ಕಾಪಾಡಿದ ಬಲವೇ ಮುಂದೆ ಅದು ತಿರುಗದಂತೆ ಹಿಡಿದಿಟ್ಟಿತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಎಷ್ಟೋ ಕುಟುಂಬಗಳಿಗೆ ಇದು ಪಠ್ಯದ ಉದಾಹರಣೆಯಲ್ಲ, ಬದುಕಿನ ಆಧಾರವೇ ಕಳಚಿದ ಸಂಗತಿ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ವಿಶ್ಲೇಷಣೆಗೆ ಬೇಕಾದ ಪ್ರಶ್ನೆ ಹೀಗಿದೆ: ಈ ಕಂಪನಿಯನ್ನು ಅನುಕರಿಸಲು ಹೊರಟರೆ ಪ್ರತಿಸ್ಪರ್ಧಿ ತನ್ನ ಬಳಿ ಇರುವ ಯಾವುದನ್ನು ಕಳೆದುಕೊಳ್ಳಬೇಕಾಗುತ್ತದೆ? ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ ಎಂದಾದರೆ ಅನುಕರಣೆ ಬೇಗ ಬರುತ್ತದೆ.

ಆರನೆಯ ಹಂತ: ಎಷ್ಟು ಕಾಲ, ಎಲ್ಲಿಯವರೆಗೆ ಎಂದು ಪರೀಕ್ಷಿಸಿ

ಮೇಲುಗೈಗೆ ಎಲ್ಲೆಗಳಿವೆ. ಟೈಟಾನ್ 1990ರ ದಶಕದಲ್ಲಿ ಯುರೋಪಿನ ಮಾರುಕಟ್ಟೆಗೆ ಹೋಗಿ ಗಣನೀಯ ನಷ್ಟ ಅನುಭವಿಸಿತು. ಇಲ್ಲಿ ಅದರ ಕೈಹಿಡಿದ ಷೋರೂಂ ಜಾಲವಾಗಲಿ, ಟಾಟಾ ಹೆಸರಿನ ಮೇಲಿನ ಭರವಸೆಯಾಗಲಿ ಅಲ್ಲಿ ಇರಲಿಲ್ಲ.

ಆಭರಣದ ವ್ಯವಹಾರದಲ್ಲಿ ಕತೆ ಬೇರೆಯಾಯಿತು, ಆದರೆ ತಕ್ಷಣವಲ್ಲ. ಟೈಟಾನಿನ ಆಭರಣ ಬ್ರ್ಯಾಂಡ್ ಆದ ತನಿಷ್ಕ್ ಮೊದಲಿಗೆ 18 ಕ್ಯಾರೆಟ್ ಆಭರಣಗಳತ್ತ ಒಲವು ತೋರಿಸಿ, 22 ಕ್ಯಾರೆಟ್ ಚಿನ್ನವನ್ನೇ ಆಸ್ತಿಯೆಂದು ಬಗೆಯುವ ಗ್ರಾಹಕರನ್ನು ಸೆಳೆಯಲಾಗದೆ ಕಷ್ಟಪಟ್ಟಿತು. ಆಮೇಲೆ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇರಿಸಿ, ಜನ ತಂದ ಹಳೆಯ ಒಡವೆಯ ಶುದ್ಧತೆಯನ್ನು ಅವರ ಕಣ್ಣೆದುರಿಗೇ ಅಳೆದು ತೋರಿಸಿತು. ಚಿನ್ನದ ಶುದ್ಧತೆಯ ಅಧಿಕೃತ ಮುದ್ರೆಯಾದ ಹಾಲ್‌ಮಾರ್ಕ್ ಇನ್ನೂ ಕಡ್ಡಾಯವಾಗಿರದ ಆ ದಿನಗಳಲ್ಲಿ, ತಲೆಮಾರುಗಳಿಂದ ನಂಬಿದ ಚಿನಿವಾರರ ಮಾತಿನ ಎದುರು ಯಂತ್ರದ ಅಂಕಿಯೊಂದನ್ನು ಇಡುವುದು ಬಹಳ ದಿಟ್ಟ ಹೆಜ್ಜೆ. ಹಾಲ್‌ಮಾರ್ಕ್ 2021ರಿಂದ ಹಂತಹಂತವಾಗಿ ಕಡ್ಡಾಯವಾದ ಮೇಲೆ ಶುದ್ಧತೆಯ ಖಾತರಿಯನ್ನು ಇತರ ಆಭರಣ ಮಳಿಗೆಗಳೂ ಕೊಡುವಂತಾಗಿರುವುದರಿಂದ, ತನಿಷ್ಕ್‌ನ ಇಂದಿನ ಮೇಲುಗೈ ಯಾವುದರ ಮೇಲೆ ನಿಂತಿದೆ ಎಂಬುದನ್ನು ಹೊಸದಾಗಿ ಹುಡುಕಬೇಕು. ಇದನ್ನು ಓದುಗರು ಅಭ್ಯಾಸದ ಪ್ರಶ್ನೆಯಾಗಿ ತೆಗೆದುಕೊಳ್ಳಬಹುದು.

ಬದಲಿ ವಸ್ತುಗಳ ಕಡೆಗೂ ಕಣ್ಣಿಡಬೇಕು. ಮೊಬೈಲ್ ಬಂದಮೇಲೆ ಸಮಯ ನೋಡಲು ವಾಚು ಬೇಕಿಲ್ಲ. ಸಮಯ ತಿಳಿಸುವುದನ್ನಷ್ಟೇ ಮಾರುತ್ತಿದ್ದವರಿಗೆ ಅದು ಕೊಡಲಿಯೇಟಾಯಿತು. ಅಲಂಕಾರವನ್ನೂ ಉಡುಗೊರೆಯನ್ನೂ ಮಾರುತ್ತಿದ್ದವರು ತಡೆದುಕೊಂಡರು.

ಸಣ್ಣ ಉದ್ಯಮಕ್ಕೆ ಇದನ್ನು ಅನ್ವಯಿಸುವುದು

ಬಂಡವಾಳ ಕಡಿಮೆಯಿರುವವರಿಗೆ ಈ ಲೆಕ್ಕವೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅಂಥವರು ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ನೋಡಬೇಕು. ದಿನಕ್ಕೆ ಎರಡಾಣೆ ಉಳಿಸುವವರ ಮನೆ, ಅಂಗಡಿಗಳ ಬಾಗಿಲಿಗೇ ಏಜೆಂಟರನ್ನು ಕಳಿಸುವ ಪಿಗ್ಮಿ ಠೇವಣಿಯನ್ನು ಅದು 1928ರಲ್ಲಿ ಆರಂಭಿಸಿತು. ದೊಡ್ಡ ವರ್ತಕರನ್ನು ನೆಚ್ಚಿದ ಬ್ಯಾಂಕುಗಳಿಗೆ ಎರಡಾಣೆಗಾಗಿ ಬೀದಿ ಸುತ್ತುವುದು ಖರ್ಚಿಗೂ ಗಿಟ್ಟದ ಕೆಲಸವಾಗಿ ಕಾಣುವಂಥದು. ಊರಿನ ಪರಿಚಯವಿದ್ದ, ಸಂಗ್ರಹಕ್ಕೆ ತಕ್ಕ ಕಮಿಷನ್ ಪಡೆಯುವ ಏಜೆಂಟರಿದ್ದ ಸಣ್ಣ ಬ್ಯಾಂಕಿಗೆ ಅದರಿಂದಲೇ ಠೇವಣಿದಾರರ ಬಳಗ ಬೆಳೆಯಿತು. ಇಂದು ಪತ್ತಿನ ಸಹಕಾರ ಸಂಘಗಳೂ ಪಿಗ್ಮಿ ಸಂಗ್ರಹಿಸುತ್ತವೆ, ಅಂದರೆ ಈ ಮೇಲುಗೈಯೂ ಕಾಲಕ್ರಮದಲ್ಲಿ ಎಲ್ಲರ ಪಾಲಾಯಿತು.

ನಿಮ್ಮ ಉದ್ಯಮಕ್ಕಾಗಿ ಒಂದು ಹಾಳೆಯಲ್ಲಿ ಮೂರು ವಾಕ್ಯಗಳನ್ನು ಬರೆಯಿರಿ: ಯಾರಿಗೆ ಮಾರುತ್ತೇವೆ, ಅವರಿಗಾಗಿ ಪ್ರತಿಸ್ಪರ್ಧಿಗಿಂತ ಭಿನ್ನವಾಗಿ ಮಾಡುವ ಕೆಲಸಗಳು ಯಾವುವು, ಅದಕ್ಕಾಗಿ ಯಾವ ಗ್ರಾಹಕರನ್ನು ಮತ್ತು ಯಾವ ಸರಕನ್ನು ಬೇಡ ಎನ್ನುತ್ತೇವೆ. ಮೂರನೆಯ ವಾಕ್ಯ ಬರೆಯಲಾಗದಿದ್ದರೆ ಹಿಂದಿನ ಎರಡನ್ನು ತಿದ್ದಿ ಬರೆಯಿರಿ. ನಂತರ ಆ ಹಾಳೆಯನ್ನು ಅಂಗಡಿಯ ಕೆಲಸಗಾರರಿಗೆ ಓದಲು ಕೊಟ್ಟು, ನಿನ್ನೆಯ ದಿನ ತಾವು ಮಾಡಿದ ಕೆಲಸಗಳಲ್ಲಿ ಎಷ್ಟು ಇದಕ್ಕೆ ಹೊಂದುತ್ತವೆ ಎಂದು ಅವರಿಂದಲೇ ಗುರುತು ಹಾಕಿಸಿ.